ಟಾಕಿಯ ನೊರೆ

"ಕುಡಿಯೋ ನೀರಾಗ ಸಾಬೂನು ಕಲಸೀದಿಯಲ್ಲ, ನಿನಗೇನು ಧಾಡಿ ಬಂದೈತಿ?"

ಜಿನ್ನವ್ವ ಹಿತ್ತಲಿನಲ್ಲಿ ಕುಡಿಯುವ ನೀರಿನ ತೆರೆದ ಸಿಮೆಂಟ್ ಟಾಕಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ನೀರಿನಿಂದ ಗೇಣು ಮೇಲೆ, ಒಳಗೋಡೆಗೆ, ಮುಷ್ಟಿಯಷ್ಟು ಬಿಳಿ ನೊರೆ ಅಂಟಿಕೊಂಡಿತ್ತು. ಕಣಗಲಾ ಊರಿನ ಆ ಜೈನರ ಮನೆಯಲ್ಲಿ ಸೋಸದ ನೀರನ್ನು ಬೆಕ್ಕೂ ಕುಡಿಯುವಂತಿರಲಿಲ್ಲ. ಸೋಸಿದ ಬಟ್ಟೆಯಲ್ಲಿ ಸಿಕ್ಕ ಹುಳವನ್ನು ಮತ್ತೆ ಅದೇ ನೀರಿಗೆ ಬಿಡಬೇಕು, ಒಂದು ಜೀವವೂ ಸಾಯಬಾರದು. ಅಂಥಲ್ಲಿ ಸಾಬೂನು!

"ಖರೇನ ನಾ ಅಲ್ರಿ ಅತ್ತಿ," ಎಂದಳು ಸೊಸೆ ಪ್ರಣಿತಾ. ಮದುವೆಯಾಗಿ ಬಂದ ಮೇಲೆ ಇದೇ ಅವಳ ಮೊದಲ ಮಳೆಗಾಲ.

"ನೀ ಅಲ್ಲಂದ್ರ ಕಾಗಿ ಬಂದು ಅರಿಬಿ ಒಗದು ಹೋತೇನು? ಇವತ್ತಿಂದ ಕುಡಿಯೋ ನೀರು, ಸೋಸೋ ಅರಿಬಿ ಮುಟ್ಟಬ್ಯಾಡ."

ಪ್ರಣಿತಾಳ ಕಣ್ಣು ತುಂಬಿತು. ನೀರು ಮುಟ್ಟಬೇಡವೆಂದರೆ ಅಡುಗೆಮನೆಗೇ ಬರಬೇಡವೆಂದ ಹಾಗೆ.

ಜಿನ್ನವ್ವ ತೆಂಗಿನ ನಾರು ಹಿಡಿದು ಟಾಕಿಗೆ ಬಗ್ಗಿದಳು. ಅಷ್ಟರಲ್ಲಿ ಗೋಡೆಯ ಮೂಲೆಗೆ ಅಂಟಿ ಕುಳಿತಿದ್ದ ಕಪ್ಪೆಯೊಂದು ಪ್ರಣಿತಾಳ ಕಣ್ಣಿಗೆ ಬಿತ್ತು. ಬೆರಳ ತುದಿಗೆಲ್ಲ ದುಂಡನೆಯ ಬಿಲ್ಲೆ, ತೊಡೆಯ ಮೇಲೆ ಹಳದಿ ಚುಕ್ಕೆ. ಗೋಕಾಕದಲ್ಲಿ ಬಿ.ಎಸ್ಸಿ. ಓದುವಾಗ ಇದರ ಚಿತ್ರ ಬರೆದಿದ್ದಳು, ಮರೆತಿರಲಿಲ್ಲ.

"ತಡೀರಿ! ಇದು ಮರಗಪ್ಪಿ. ಅಡವಿಯಿಂದ ಬಂದು, ನೊರಿ ಮಾಡಿ, ಅದರಾಗ ತತ್ತಿ ಇಟ್ಟೈತಿ. ಮರಿ ಆದಮ್ಯಾಲೆ ನೀರಿಗೆ ಬೀಳ್ತಾವು. ತಿಕ್ಕಿದ್ರ ನೂರಾರು ಜೀವ ಹೋಗ್ತಾವ್ರಿ!"

ನಾರು ಹಿಡಿದ ಕೈ ಅಲ್ಲೇ ನಿಂತಿತು. ಸೊಸೆ ಸುಳ್ಳು ಹೇಳುತ್ತಿದ್ದಾಳೆ ಎಂಬುದರಲ್ಲಿ ಜಿನ್ನವ್ವನಿಗೆ ಅನುಮಾನವಿರಲಿಲ್ಲ. ಆದರೆ ಪಾಪದ ವಿಷಯದಲ್ಲಿ ಆಕೆ ಜೂಜಾಡುವವಳಲ್ಲ.

"ಆತು, ನೋಡೂಣು. ಮರಿ ಬೀಳಲಿಲ್ಲಂದ್ರ ನಿನ್ನ ತವರಿಗೆ ಫೋನ್ ಮಾಡ್ತೇನಿ."

ನೊರೆ ಒಣಗಿ ಹಪ್ಪಳವಾಯಿತು. ಜಿನ್ನವ್ವ ಹೊತ್ತಿಗೊಮ್ಮೆ ಇಣುಕಿ, "ನಿನ್ನ ಕಪ್ಪಿ ಸಾಬೂನು ಭಾಳ ಛಲೋ ಐತಿ ಬಿಡವಾ," ಎಂದು ಚುಚ್ಚುವಳು. ಪ್ರಣಿತಾ ಕದ್ದು ಕದ್ದು ತಾನೂ ಇಣುಕುತ್ತಿದ್ದಳು.

ಒಂದು ಬೆಳಿಗ್ಗೆ ತುಂತುರು ಹಿಡಿಯಿತು. ನೊರೆಯ ತಳ ಕರಗಿ, ಬಾಲವಿದ್ದ ಎಳ್ಳಿನಂಥದ್ದೊಂದು ಟಪ್ಪನೆ ನೀರಿಗೆ ಬಿತ್ತು. ಹಿಂದೆಯೇ ಇನ್ನೊಂದು, ಮತ್ತೊಂದು.

"ಅಯ್ಯ ನನ್ನವ್ವಾ! ನಾರು ಹಚ್ಚತಿದ್ದೆನಲ್ಲ!" ಎಂದಳು ಜಿನ್ನವ್ವ. ತಂಬಿಗೆ ಹಿಡಿದು ಬಂದ ಗಂಡ ಶ್ರೀಪಾಲನನ್ನು ಆಕೆ ಅಲ್ಲೇ ತಡೆದಳು. "ದೂರ ಸರೀರಿ, ಕೂಸುಗೋಳು ಅದಾವು!"

ಬಿಂದಿಗೆಯ ಬಾಯಿಗೆ ಬಟ್ಟೆ ಹಾಸಿ, ತಾನೇ ಮೆಲ್ಲಗೆ ಟಾಕಿಯ ನೀರು ಸುರಿದಳು. ಬಟ್ಟೆಯ ನಡುವೆ ಮೂರ್ನಾಲ್ಕು ಮರಿಗಳು ಮಿಸುಕಾಡಿದವು. ಜಿನ್ನವ್ವ ಸೊಸೆಯ ಮುಖ ನೋಡಲಿಲ್ಲ.

"ನಿಂತು ಏನು ನೋಡ್ತಿ? ಆ ತುದಿ ಹಿಡಿ."

ಪ್ರಣಿತಾ ಹಿಡಿದಳು.

"ಕಾಲು ಯಾವಾಗ ಬರ್ತಾವು ಇವಕ್ಕ?"

"ಮೊದಲ ಹಿಂದಿನವು ಬರ್ತಾವ್ರಿ, ಆಮ್ಯಾಲೆ ಮುಂದಿನವು. ಬಾಲ ಹೋಗತೈತಿ."

"ಎತ್ತಾಗ ಹೋಗತೈತಿ?"

"ಮೈಯಾಗ ಕರಗತೈತ್ರಿ."

"ಹಂಗಾರ ಸಾವಕಾಶ ಬಿಡು," ಎಂದಳು ಜಿನ್ನವ್ವ. ಇಬ್ಬರೂ ಬಗ್ಗಿ, ಬಟ್ಟೆಯನ್ನು ಟಾಕಿಯ ನೀರಿಗೆ ಇಳಿಬಿಟ್ಟರು.