ಇಬ್ಬನಿ ಒರೆಸಿದ ಕೈ

ಬೆಳಗಿನ ಮಬ್ಬಿನಲ್ಲಿ ಸೊಸೆ ದ್ರಾಕ್ಷಿಯ ಎಲೆಯೊಂದನ್ನು ತಿರುವಿ ನೋಡಿದಳು. ಎಲೆಯ ಅಡಿಯಲ್ಲಿ ಹತ್ತಿಯ ನವಿರಿನಂಥ ಬಿಳಿಯ ಬೂಜು. ಪಕ್ಕದ ಎಲೆಯಲ್ಲೂ ಅದೇ, ಗೊಂಚಲಿನ ಎಳೆಗಾಯಿಗಳ ಮೇಲೂ ಅದೇ. ಸಾಲಿನುದ್ದಕ್ಕೂ ಓಡಿದಳು. ಕೈಯಿಟ್ಟಲ್ಲೆಲ್ಲ ಬೆರಳು ಬೆಳ್ಳಗಾಯಿತು.

ಫೋನು ತೆರೆದಳು. ತೋಟದ ನಡುವಿನ ಕಂಬವೇರಿ ಕೂತ ಹವಾಮಾನ ಯಂತ್ರ ಹಗಲಿರುಳೂ ಕಳಿಸುವ ಲೆಕ್ಕವೆಲ್ಲ ಅದರಲ್ಲಿತ್ತು: ಗಾಳಿ, ಮಳೆ, ಎಲ್ಲಕ್ಕಿಂತ ಮಿಗಿಲಾಗಿ ಎಲೆಯ ತೇವ. ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ಬೂಜು ಹಿಡಿಯುತ್ತದೆ. ಹಾಗಾಗುವ ಮುನ್ನ ಔಷಧ ಹೊಡೆಯಿರೆಂದು ಫೋನೇ ಎಚ್ಚರಿಸಬೇಕು. ಅದು ತುಟಿ ಬಿಚ್ಚಿರಲಿಲ್ಲ. ಅದನ್ನೇ ನಂಬಿ ಅವಳೂ ಸುಮ್ಮನಿದ್ದಳು.

ಗಂಡನನ್ನು ಕಾಡಿ ಬೇಡಿ ಪಡೆದ ಬೆಳೆಯಿದು. ಹಿಂದಿನೆರಡು ಬೆಳೆಗಳು ಕೈಕೊಟ್ಟ ಮೇಲೆ ಅವನು ಬಳ್ಳಿಗಳನ್ನು ಬುಡಸಮೇತ ಕೀಳಿಸಲು ಹೊರಟಿದ್ದ. "ಇದೊಂದು ಸಲ ನನ್ನ ಕೈಗೆ ಬಿಡಿ" ಎಂದಿದ್ದಳು. "ಇದೊಂದೇ ಸಲ. ಆಮೇಲೆ ಅಳೋ ಹಾಗಿಲ್ಲ" ಎಂದಿದ್ದ ಅವನು.

ಯಂತ್ರವೇ ಕೆಟ್ಟಿರಬೇಕೆಂದು ಕಂಬದತ್ತ ಧಾವಿಸಿದಳು. ಅಲ್ಲಿ ಮಾವ ಸ್ಟೂಲಿನ ಮೇಲೆ ನಿಂತು, ಎಲೆಯಾಕಾರದ ಪುಟ್ಟ ಹಲಗೆಯೊಂದನ್ನು ಬಟ್ಟೆಯಿಂದ ಮಗುವಿನ ಕೆನ್ನೆಯೋ ಎಂಬಂತೆ ಒರೆಸುತ್ತಿದ್ದರು.

"ಮಾವ, ಏನ್ ಮಾಡ್ತಿದೀರಿ?"

"ನಿನ್ನ ಯಂತ್ರಕ್ಕೆ ಮುಖ ಒರೆಸ್ತಿದೀನಿ ಕಣಮ್ಮ. ಕೊಳೆ ಕೂತ್ರೆ ಸುಳ್ಳು ಹೇಳುತ್ತೆ, ಚೊಕ್ಕಟವಾಗಿಡಿ ಅಂತ ಮೆಕ್ಯಾನಿಕ್ ಹೇಳಿರ್ಲಿಲ್ವಾ? ಇಬ್ಬನಿಗೆ ನೆಂದು ತೊಪ್ಪೆ ಆಗಿರುತ್ತೆ ಪಾಪ. ನನಗೂ ರಾತ್ರಿಯೆಲ್ಲ ನಿದ್ದೆ ಬರಲ್ಲ, ಆಗಾಗ ಬಂದು ಒರೆಸಿ ಹೋಗ್ತೀನಿ. ನಿನ್ನ ಗಂಡನಿಗೂ ಚಿಕ್ಕವನಿದ್ದಾಗ ಇಷ್ಟು ಸೇವೆ ಮಾಡಿಲ್ಲ."

ಅವಳು ಆ ಹಲಗೆಯತ್ತ ಬೆರಳು ತೋರಿದಳು.

"ಅದು ಎಲೆ, ಮಾವ. ಯಂತ್ರದ ಎಲೆ. ಅದು ನೆನೆದ್ರೇನೇ ನಮ್ಮ ಬಳ್ಳಿ ನೆನೆದಿದೆ ಅಂತ ಗೊತ್ತಾಗೋದು."

"ಹೋಗೇ, ಪ್ಲಾಸ್ಟಿಕ್ ಎಲೆ ಆಗುತ್ತಾ?" ಎಂದು ನಕ್ಕ ಮಾವನ ಕಣ್ಣು ಅವಳ ಬೆರಳುಗಳ ಮೇಲೆ ಬಿತ್ತು. ನಗು ಅಲ್ಲೇ ಒಣಗಿತು. "ಹಾಗಾದ್ರೆ, ನಾನು ಒರೆಸಿದ್ದು?"

"ಬೆಳೇನ ಒರೆಸಿ ಹಾಕಿದ್ರಿ."

ಮಾತು ಬಾಯಿಂದ ಜಾರಿ ಹೋಗಿತ್ತು. ಮರಳಿ ನುಂಗಲು ಬರುವಂತಿರಲಿಲ್ಲ. ಆ ಬಳ್ಳಿಗಳನ್ನೆಲ್ಲ ನೆಟ್ಟಿದ್ದ ಮಾವ ಸ್ಟೂಲಿನಿಂದ ಇಳಿಯುವುದನ್ನೂ ಮರೆತು ನಿಂತರು.

"ಈಗ ಔಷಧ ಹೊಡೆದ್ರೆ?"

"ಎಲೆ ಉಳಿದ್ರೂ ಉಳೀಬಹುದು. ಕಾಯಿ ಉಳಿಯಲ್ಲ."

ಮಧ್ಯಾಹ್ನ ಊರಾಚೆಯ ಕೆಲಸದಿಂದ ಫೋನು ಮಾಡಿದ ಗಂಡನಿಗೆ ಬೂಜಿನ ಸುದ್ದಿ ಹೇಳಿದಳು. "ಅಷ್ಟು ದೊಡ್ಡ ಯಂತ್ರ ಏನೂ ಹೇಳ್ಲಿಲ್ವಾ?"

"ಹೇಳ್ಲಿಲ್ಲ."

"ಯಾಕೆ?"

ಬಾಗಿಲ ಬಳಿ ಕೂತ ಮಾವ ತಲೆಯೆತ್ತಿದರು. "ಕೆಟ್ಟಿತ್ತು" ಎಂದಳು ಸೊಸೆ.

"ಸರಿ. ಬಳ್ಳಿ ಕೀಳೋರಿಗೆ ಹೇಳ್ತೀನಿ."

ಮರುದಿನ ಬೆಳಗ್ಗೆ ಅವಳು ಬೂಜು ಹಿಡಿದ ಗೊಂಚಲುಗಳನ್ನು ಕತ್ತರಿಸುತ್ತಿದ್ದಳು. ಏಕೆ ಕತ್ತರಿಸುತ್ತಿದ್ದಳೋ ಅವಳಿಗೇ ತಿಳಿಯದು. ಕೈಗಳಿಗೆ ಬೇರೆ ಏನು ಹೇಳಬೇಕೆಂದು ತೋಚಿರಲಿಲ್ಲ. ಅತ್ತ ಕಂಬದಡಿ ಮಾವ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿ, ಹಲಗೆಯ ತುದಿಯಲ್ಲಿ ತೂಗುವ ಹನಿಯನ್ನು ಕಾಯುತ್ತ ನಿಂತಿದ್ದರು.

"ಇವತ್ತು ಮುಟ್ಟಿಲ್ಲ ಕಣಮ್ಮ," ಎಂದು ಕೂಗಿದರು. "ಸರಿಯಾಗಿ ತೋರಿಸ್ತಿದೆಯಾ ನೋಡು."

ಅವಳ ಫೋನು ಆಗಲೇ ಎಚ್ಚರಿಸಿತ್ತು.

"ತೋರಿಸ್ತಿದೆ ಮಾವ."

"ಹಾಗಾದ್ರೆ ಔಷಧ ಕಲೆಸ್ಲಾ?"

ಕತ್ತರಿ ಕ್ಷಣಕಾಲ ನಿಂತಿತು.

"ಕಲೆಸಿ" ಎಂದಳು.