ಗಾಜು ಏರಿಸಿದ ಕಾರು

ಗಂಡನನ್ನು ಬಹುವಚನದಲ್ಲಿ ಕರೆಯಬೇಕು ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ಆ ಕೆಂಪು ಕಾರು ನಮ್ಮೂರು ಅಕ್ಕೂರಿಗೆ ಬಂದ ಮೇಲೆ ಅದನ್ನು ಬಿಟ್ಟೆ. ಎದುರಿಗೆ ಈಗಲೂ ‘ಏನ್ರೀ’ ಅನ್ನುತ್ತೇನೆ. ಬೇರೆಯವರಿಗೆ ಹೇಳುವಾಗ ಅವನು ಅಂತಲೇ ಹೇಳುತ್ತೇನೆ.

ಕಾರು ಚನ್ನಪಟ್ಟಣದ ಬೊಂಬೆ ವ್ಯಾಪಾರಿ ಮುಕ್ತಿಯಾರ್ ಅವರದು. ಜಪಾನಿನಲ್ಲಿ ತಯಾರಾಗಿ, ಬೆಂಗಳೂರಿನ ಯಾರೋ ಶ್ರೀಮಂತರ ಮನೆಯಲ್ಲಿ ಮೆರೆದು, ಕೈ ಬದಲಾಗುತ್ತ ಬಂದು ಅವರ ಗೋಡೌನಿನಲ್ಲಿ ಬೊಂಬೆಗಳ ಜೊತೆ ನಿಂತಿತ್ತು. ನನ್ನ ಗಂಡ ಅಶ್ವಥ್ ಬಿಡದಿ ಕಡೆ ಫ್ಯಾಕ್ಟರಿ ವ್ಯಾನ್ ಓಡಿಸುವವನು, ಕಾರು ಅಂದರೆ ಪ್ರಾಣ. ಕೊಳ್ಳುವುದೋ ಬೇಡವೋ ಓಡಿಸಿ ನೋಡಿ ಹೇಳುತ್ತೇನೆ ಅಂತ ಕೇಳಿಕೊಂಡು ಅದನ್ನು ಮನೆಗೆ ತಂದ.

ದುಡ್ಡು ಎಲ್ಲಿಂದ ಅಂತ ನಾನು ಕೇಳಬೇಕಾಗಿರಲಿಲ್ಲ. ಅತ್ತೆ ಮುನಿಯಮ್ಮನ ಹೆಸರಿನಲ್ಲಿರುವ ಹಿಪ್ಪುನೇರಳೆ ತೋಟದ ಮೇಲೆ ಲೇಔಟ್‌ನವರ ಕಣ್ಣು ಬಿದ್ದಿತ್ತು. ಹಾರೋಹಳ್ಳಿಯಲ್ಲಿ ಫ್ಯಾಕ್ಟರಿಗೆ ಜಮೀನು ಕೊಟ್ಟವರೆಲ್ಲ ಕಾರಿನಲ್ಲಿ ಓಡಾಡುತ್ತಾರೆ, ನಾವು ಮಾತ್ರ ರೇಷ್ಮೆ ಹುಳದ ಹಿಕ್ಕೆ ಬಾಚುತ್ತಿದ್ದೇವೆ ಅಂತ ಅವನ ದಿನನಿತ್ಯದ ರಾಗ. ಬಾಚುವವಳು ನಾನು, ರಾಗ ಅವನದು. ಹಿಂದಿನ ಹುಳದ ಬೆಳೆ ಬೇರೆ ಕೈಕೊಟ್ಟಿತ್ತು. ಜಗಳ ಕೇಳಿ ಕೇಳಿ ಸಾಕಾಗಿ ಅತ್ತೆ ಒಂದು ಮಾತು ಕೊಟ್ಟಿದ್ದರು.

“ಇದೊಂದ್ ಬೆಳೆ ನೋಡಣ. ಚೆನ್ನಾಗ್ ಬಂದ್ರೆ ತೋಟ ನಿನ್ನೆಂಡ್ರು ಲತಾಮಣಿದು. ಹೋದ್ರೆ ನಿನ್ನಿಷ್ಟ ಕಣ್ಲಾ, ಹೆಬ್ಬೆಟ್ ಒತ್ತಿ ಕೊಡ್ತೀನಿ.”

ಅವನು ಆ ಕಾರನ್ನು ಪರೀಕ್ಷೆ ಮಾಡಿದ ಚೆಂದ ನೋಡಬೇಕಿತ್ತು. ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ, ಹಿಂದೆ ಓಡಿ ಹೋಗಿ ಹೊಗೆಯ ಬಣ್ಣ ನೋಡಿದ. ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದ. ಗುದ್ದಿದ ಜಾಗಕ್ಕೆ ಮೆತ್ತಿ ಬಣ್ಣ ಹೊಡೆದಿದ್ದಾರಾ ಅಂತ ಬಾಗಿಲಿನ ಉದ್ದಕ್ಕೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ಮ್ಯಾಟ್ ಎತ್ತಿ ತುಕ್ಕು ಹುಡುಕಿದ. ನನ್ನ ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಇಷ್ಟು ಹೊತ್ತು ನಿಂತವನಲ್ಲ.

“ಇಷ್ಟು ವರ್ಸ ಆದ್ರೂ ಎಂಜಿನ್ ಒಂಚೂರು ಸದ್ದಿಲ್ಲ,” ಅಂದ. ಸ್ವಿಚ್ ಒತ್ತಿದ. ಮೂತಿಯೊಳಗೆ ಅಡಗಿದ್ದ ಲೈಟುಗಳು ಕಪ್ಪೆ ಕಣ್ಣಿನ ಹಾಗೆ ಮೇಲೆದ್ದವು. “ಎಂಗೈತೆ?”

“ಎರಡೇ ಬಾಗ್ಲು. ಅತ್ತೆ ಹಿಂದಕ್ಕೆ ಎಂಗ್ ಹತ್ತದು?”

“ಮುಂದ್ಗಡೆ ಸೀಟ್ ಮಡಿಚ್ಬೇಕು.”

“ಸೀಟ್ ಮಡಿಚ್ತೀರ, ಅವ್ರ ಮಂಡಿ ಯಾರ್ ಮಡ್ಚೋರು? ಗೂಡಿನ ಚೀಲ ಎಲ್ ಇಡದು? ನಮ್ಮೂರ್ ರೋಡ್ ಹಂಪ್‌ಗೆ ಗಾಡಿ ಹೊಟ್ಟೆ ತಗಲ್ತದೆ. ಲೈಟ್ ಕೆಟ್ರೆ ಜಪಾನಿಗೆ ಹೋಯ್ತೀರಾ?”

“ಒಳಗ್ ಕೂತಾದ್ರೂ ನೋಡೇ.”

“ನನ್ ಹೆಣಾನೂ ಕೂರಲ್ಲ,” ಅಂತ ಒಳಗೆ ಬಂದುಬಿಟ್ಟೆ.

ಅವತ್ತೇ ಚಾಕಿ ಸೆಂಟರಿನಿಂದ ಮರಿಹುಳ ತರಬೇಕಿತ್ತು. ಯಾವಾಗಲೂ ಆಟೋದಲ್ಲಿ ಹೋಗಿ ತರುವವಳು ನಾನು. “ಗಾಡಿ ಒಸಿ ಓಡ್ಸಿ ನೋಡ್ದಂಗೂ ಆಯ್ತದೆ, ನಾನೇ ತತ್ತೀನಿ,” ಅಂದ. ಟ್ರೇಗಳನ್ನು ಹಿಂದಿನ ಸೀಟಿನ ಮೇಲೆ ಪೇರಿಸಿ, ಕ್ವಾರಿ ಲಾರಿಗಳ ಧೂಳು ಬೀಳದ ಹಾಗೆ ಗಾಜು ಏರಿಸಿ, ಏಸಿ ಹಾಕಿಕೊಂಡು ಬಂದ. ಟ್ರೇ ಇಳಿಸಿಕೊಳ್ಳಲು ಬಗ್ಗಿದೆ, ಮೂಗಿಗೆ ಘಾಟು ಹೊಡೆಯಿತು.

“ಏನ್ರೀ ಇದು ವಾಸ್ನೆ?”

“ಫಾರಿನ್ ಕಾರಿನ ವಾಸ್ನೆ. ನಿಂಗೇನ್ ಗೊತ್ತು.”

ನಮ್ಮ ಹುಳದ ಮನೆಗೊಂದು ನೇಮ ಇದೆ. ಕಾಲು ತೊಳೆದು, ಹೊಸಿಲಿನಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಬೀಡಿ ಸೇದಿದವರು, ಸೆಂಟು ಹಾಕಿಕೊಂಡವರು, ಹೊಲಕ್ಕೆ ಔಷಧಿ ಹೊಡೆದು ಬಂದವರು ಹೊರಗೇ. ಹುಳಕ್ಕೆ ಅಷ್ಟು ಸಾಕು ಸಾಯಲು. ಸ್ವಂತ ಅಪ್ಪನನ್ನೇ ಬೀಡಿಯ ಕಾರಣಕ್ಕೆ ಬಾಗಿಲಾಚೆ ನಿಲ್ಲಿಸುತ್ತಿದ್ದವನು ಈ ಅಶ್ವಥ್.

ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಹಾಕಿದ ಸೊಪ್ಪು ಹಾಗೇ ಇತ್ತು. ಹುಳಗಳು ತಲೆ ಎತ್ತಿ ತೂರಾಡುತ್ತ ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಮುದುರಿಕೊಂಡು ಸತ್ತವು. ನಾನು ಹುಳದ ತಟ್ಟೆಯ ಮುಂದೆ ಕೂತು ಅತ್ತುಬಿಟ್ಟೆ, ಅದೂ ಅವನ ಎದುರಿಗೇ, ಅದೇ ನನಗೆ ಹೆಚ್ಚು ಅವಮಾನ.

“ಚಾಕಿನೇ ಸರಿ ಇಲ್ಲ,” ಅಂದ ಅವನು. “ಹುಳದ ಕಾಲ ಮುಗೀತು ಬುಡು. ಅವ್ವ, ಕೊಟ್ಟ ಮಾತು ಮಾತೇ ತಾನೆ?”

ಅತ್ತೆ ಸತ್ತ ಹುಳಗಳನ್ನೇ ನೋಡುತ್ತ ಹೂಂ ಅಂದರು. ನನ್ನ ತೋಟ ಅಲ್ಲಿಗೆ ಹೋಯಿತು.

ಸಂಜೆ ಮುಕ್ತಿಯಾರ್ ಉತ್ತರ ಕೇಳಲು ಸ್ನೇಹಿತರೊಬ್ಬರ ಸ್ಕೂಟರಿನಲ್ಲಿ ಬಂದಿಳಿದರು. ಕಾರಿನ ಬಾಗಿಲು ತೆಗೆದವರೇ ಮೂಗಿಗೆ ಕರ್ಚೀಫು ಹಿಡಿದರು.

“ಏನ್ ಅಶ್ವಥಣ್ಣ, ಇನ್ನೂ ಗಾಜು ಇಳಿಸಿಲ್ವಾ? ಗೋಡೌನಲ್ಲಿ ಜಿರಲೆ ಕಾಟ, ಒಳಗೆಲ್ಲ ಔಷಧಿ ಹೊಡ್ಸಿದೀನಿ, ಗಾಳಿ ಆಡೋಕೆ ಬಿಡಿ ಅಂತ ಕೀ ಕೊಡುವಾಗ್ಲೇ ಹೇಳಿದ್ನಲ್ಲ? ನಿಮ್ ಮನೇಲಿ ಹುಳ ಸಾಕ್ತೀರ ಅಂತಾನೇ ಹೇಳಿದ್ದು.”

ಜಗಲಿಯ ಮೇಲಿದ್ದ ಅತ್ತೆ ಮಂಡಿ ಹಿಡಿದುಕೊಂಡು ಎದ್ದು ನಿಂತರು. ಅವನು ಕಾರಿನ ಚಕ್ರ ನೋಡುತ್ತಿದ್ದ.

“ಮರ್ತೋಗಿತ್ತು ಕಣವ್ವ,” ಅಂದ.

ಮರೆತಿರಬಹುದು. ಆದರೆ ಹುಳ ಹಸಿರು ಕಾರುವುದನ್ನು ಕಂಡಾಗಲಾದರೂ ನೆನಪಾಗಬೇಕಿತ್ತು. ಆಗ ಅವನು ಕೇಳಿದ್ದು ಹೆಬ್ಬೆಟ್ಟು.

“ಈ ಬೆಳೆ ಲೆಕ್ಕಕ್ಕಿಲ್ಲ,” ಅಂದರು ಅತ್ತೆ. “ಸತ್ತಿದ್ದಲ್ಲ, ಸಾಯ್ಸಿದ್ದು. ಲತಾ, ಚಾಕಿ ಸೆಂಟರಿಗೆ ಹೋಗಿ ಬ್ಯಾರೆ ಹುಳಕ್ಕೆ ಹೇಳ್ಬುಟ್ಟು ಬಾ. ಆಟೋದಲ್ಲೋಗು.”

ಮುಕ್ತಿಯಾರ್ ಎರಡೂ ಗಾಜು ಇಳಿಸಿಕೊಂಡು ಕಾರು ತೆಗೆದುಕೊಂಡು ಹೋದರು. ನಾನೂ ಅತ್ತೆಯೂ ಸತ್ತ ಹುಳ ತೆಗೆಯಲು ಒಳಗೆ ಹೋದೆವು. ಸ್ವಲ್ಪ ಹೊತ್ತಿಗೆ ಅವನು ಕಾಲು ತೊಳೆದುಕೊಂಡು ಬಾಗಿಲಿಗೆ ಬಂದ. ಅತ್ತೆ ಅಡ್ಡಲಾಗಿ ಕೈ ಇಟ್ಟರು.

“ನೀನ್ ಬರ್ಬ್ಯಾಡ.”

“ಕಾಲ್ ತೊಳ್ದಿದೀನಿ ಕಣವ್ವ.”

“ತೊಳುದ್ರೂ ಬ್ಯಾಡ.”

ಅವನ ಅಪ್ಪ ಬೀಡಿ ಹಿಡಿದು ನಿಲ್ಲುತ್ತಿದ್ದ ಜಾಗದಲ್ಲೇ, ಬರಿಗೈಯಲ್ಲಿ, ಅವನು ನಿಂತ. ಒದ್ದೆ ಕಾಲು ಒಣಗುವವರೆಗೂ ನಿಂತಿದ್ದ. ನನಗೆ ಖುಷಿಯಾಯಿತು. ಹಾಗೆಲ್ಲ ಖುಷಿಪಡಬಾರದು ಅನ್ನುವವರು ಬಂದು ಆ ತಟ್ಟೆಗಳನ್ನು ತೊಳೆಯಲಿ.