ನೆಟ್ಟಗೆ ಬರೆದ ಪದ್ಯ

ಕವಿ ತಿಬೇರಿಯುವಿನ ಪದ್ಯ ಅಚ್ಚಿಗೆ ಬಂತೆಂದರೆ ಬುಕಾರೆಸ್ಟಿನ ಆ ಪುಟ್ಟ ಮುದ್ರಣಾಲಯದಲ್ಲಿ ಎಲ್ಲರೂ ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು. ಅಕ್ಷರ ತಲೆಕೆಳಗಾಗಬೇಕು, ಸಾಲು ಮೆಟ್ಟಿಲಿಳಿಯಬೇಕು, ಒಂದೇ ಪದ ಪುಟದ ನಾಲ್ಕೂ ಮೂಲೆಗೆ ಚೆದುರಬೇಕು. ಹನ್ನೊಂದು ವರ್ಷ ಆ ಹುಚ್ಚಾಟವನ್ನೆಲ್ಲ ಸೀಸದ ಅಚ್ಚುಮೊಳೆಗಳಲ್ಲಿ ಜೋಡಿಸಿಕೊಟ್ಟವನು ಮೇಸ್ತ್ರಿ ಪಂತೆಲಿಮೋನ್. "ನೆಟ್ಟಗೆ ಬರೆದ್ರೆ ನಿಮ್ಮಪ್ಪನ ಗಂಟೇನಾದ್ರೂ ಹೋಗತ್ತೇನಯ್ಯಾ?" ಎಂದು ಬೈಯುತ್ತಲೇ ಜೋಡಿಸುತ್ತಿದ್ದ. ಬೈಗುಳವೆಲ್ಲ ಬಾಯಿಮಾತು, ಆ ಕವಿಯೆಂದರೆ ಅವನಿಗೆ ಪ್ರಾಣ.

ಕ್ಷಯ ಹಿಡಿದು ತಿಬೇರಿಯು ಬೆಟ್ಟದ ಆಸ್ಪತ್ರೆ ಸೇರಿದ. ಅಲ್ಲಿಂದ ಬಂದ ಕೊನೆಯ ಹಾಳೆಯಲ್ಲಿ ಸಾಲುಗಳು ಶಾಲೆ ಮಕ್ಕಳ ಹಾಗೆ ನೆಟ್ಟಗೆ ನಿಂತಿದ್ದವು. ಪಂತೆಲಿಮೋನ್ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಪಾಪ, ಸಾಲುಗಳನ್ನು ಒಡೆದು ಚೆದುರಿಸುವಷ್ಟು ತ್ರಾಣವಿಲ್ಲದೆ ಹಾಗೇ ಕಳಿಸಿದ್ದಾನೆ ಅಂದುಕೊಂಡು, ಮೂರು ದಿನ ಕೂತು ತಾನೇ ಒಡೆದ. ಅಷ್ಟು ಚೆಂದದ ಪುಟವನ್ನು ಅವನು ಜನ್ಮದಲ್ಲಿ ಜೋಡಿಸಿರಲಿಲ್ಲ. ಅಚ್ಚಾಗುವಷ್ಟರಲ್ಲಿ ತಿಬೇರಿಯು ತೀರಿಕೊಂಡ. ಅವನ ಕೈಬರಹದ ಹಾಳೆಯನ್ನು ಪಂತೆಲಿಮೋನನೇ ಬೆಟ್ಟಕ್ಕೆ ಹೋಗಿ ಶವದ ಎದೆಯ ಜೇಬಿನಲ್ಲಿಟ್ಟು ಹಳ್ಳಿಗೆ ಕಳಿಸಿಕೊಟ್ಟ.

ನಲವತ್ತನೆಯ ದಿನದ ತಿಥಿಗೆ ಅವನು ಅಚ್ಚಾದ ಪುಟ ಹಿಡಿದು ಆ ಹಳ್ಳಿಗೆ ಹೋದ. ತಿಬೇರಿಯುವಿನ ತಾಯಿ ಸಫ್ತಾ, ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಮಗನ ಹೆಸರಿನಲ್ಲಿ ಹಂಚುತ್ತಿದ್ದಳು. ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಅವನು ಕೊಟ್ಟ ಪುಟದ ಮೇಲೆ ಬೆರಳಿಟ್ಟು ಸಾಲು ಹುಡುಕಿದಳು.

"ಇದೇನಾ ನನ್ನ ಪದ್ಯ?"

"ನಿಮ್ಮ ಪದ್ಯಾನಾ?"

ಅವಳು ದೇವರ ಪಟದ ಹಿಂದಿನಿಂದ ಒಂದು ಕಾಗದ ತೆಗೆದುಕೊಟ್ಟಳು. ಮಗ ಆಸ್ಪತ್ರೆಯಿಂದ ಬರೆದಿದ್ದ: 'ಅಮ್ಮಾ, ಈ ಸಲದ್ದು ನಿನಗೋಸ್ಕರ. ನೀನೇ ಓದ್ಕೊಳ್ಳೋ ಹಾಗೆ ನೆಟ್ಟಗೆ ಬರೆದಿದ್ದೀನಿ. ಮೇಸ್ತ್ರಿಗೂ ಖುಷಿಯಾಗತ್ತೆ.'

"ಒಂದಕ್ಷರ ಕೂಡಿಸಿ ಓದಕ್ಕಾಗ್ತಿಲ್ಲ. ಸಾಯೋವಾಗ್ಲೂ ನಂಗೆ ಸುಳ್ಳು ಹೇಳ್ಬಿಟ್ಟ," ಎಂದಳು ಸಫ್ತಾ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸತ್ತವನ ಮೇಲೆ ಆ ಸುಳ್ಳನ್ನು ಹೊರಿಸಲು ಪಂತೆಲಿಮೋನನಿಗೆ ಮನಸ್ಸು ಬರಲಿಲ್ಲ.

"ಅವನು ಸುಳ್ಳು ಹೇಳ್ಲಿಲ್ಲಮ್ಮ. ನೆಟ್ಟಗೇ ಬರೆದಿದ್ದ. ಸಾಲು ಒಡೆದವನು ನಾನು. ಆ ಹಾಳೆ ಅವನ ಜೊತೆ ಮಣ್ಣಿಗೆ ಹೋಯ್ತು."

ಸಫ್ತಾ ಪುಟವನ್ನು ಅವನ ಮುಂದೆ ಹಿಡಿದಳು. ಬೈಯಲಿಲ್ಲ.

"ಒಂದೊಂದಕ್ಷರಾನೂ ನಿಮ್ಮ ಕೈ ಮೇಲೇ ಹೋಗಿದೆಯಲ್ಲ ಮೇಸ್ತ್ರಿ. ಒಂದು ಸಾಲು ಹೇಳಿ. ಒಂದೇ ಸಾಕು."

ಮೂರು ದಿನ ಅವನು ಆ ಅಕ್ಷರಗಳ ದಪ್ಪ ನೋಡಿದ್ದ, ಎತ್ತರ ನೋಡಿದ್ದ, ನಡುವಿನ ಜಾಗ ಅಳೆದಿದ್ದ. ಮೊಳೆ ಜೋಡಿಸುವವರ ಚಾಳಿಯೇ ಅದು. ಪದ್ಯವನ್ನು ಅವನು ಓದಿರಲೇ ಇಲ್ಲ. ನಾಚಿಕೆಯಿಂದ ಅವನ ತಲೆ ತಗ್ಗಿತು.

"ಅವನು ಬರೆದ ಅಕ್ಷರ ಎಲ್ಲಾ ಈ ಪುಟದಲ್ಲೇ ಇವೆಯಮ್ಮ. ಒಂದೂ ಬಿಟ್ಟಿಲ್ಲ," ಎಂದ.

ಸಫ್ತಾ ಮತ್ತೆ ಕನ್ನಡಕ ಸರಿಮಾಡಿಕೊಂಡು, ಮೇಲಿನ ಮೂಲೆಯಿಂದ ಒಂದೊಂದೇ ಅಕ್ಷರ ಓದತೊಡಗಿದಳು.